ಎಂಟಡಿಯ ಮಳಿಗೆ, ಕೆಂಪು ಚಪ್ಪರ: ಕಲಾಮೇಳವೊಂದನ್ನು ಮಾರುವವರ ಬದಿಯಿಂದ ನೋಡಿದಾಗ

ಕಲಾಮೇಳಗಳ ಕುರಿತು ಬರೆಯುವವರಲ್ಲಿ ಹೆಚ್ಚಿನವರು ಮೇಳವನ್ನು ಸುತ್ತಿ ನೋಡಿ ಬಂದವರು. ನಾನೂ ಎಷ್ಟೋ ವರ್ಷ ಹಾಗೆಯೇ ಸುತ್ತಿದವರ ಪೈಕಿ. ಈ ಸಲ ಮಾತ್ರ ನನ್ನ ಕೈಯಾರೆ ಮಾಡಿದ ಲಿನೊ ಅಚ್ಚುಗಳನ್ನೂ (ಲಿನೋಲಿಯಮ್ ತುಂಡನ್ನು ಕೆತ್ತಿ, ಶಾಯಿ ಸವರಿ ಹಾಳೆಗೆ ಒತ್ತಿದವು) ಜಲವರ್ಣ ಚಿತ್ರಗಳನ್ನೂ ಹೊತ್ತುಕೊಂಡು ಹೋಗಿ, ಎರಡು ದಿನ ಮೇಜಿನ ಹಿಂದೆ ಕುಳಿತೆ. ಬಾಡಿಗೆ ಕೊಟ್ಟು ಜಾಗ ಪಡೆದದ್ದರಿಂದ ನಾನೂ ಆ ಮೇಳದ ಗಿರಾಕಿಯೇ ಆದೆನಷ್ಟೆ. ಆಯೋಜಕರು ನನಗೆ ಮಾರಿದ್ದು ಎಂಟಡಿ ಉದ್ದ, ಎಂಟಡಿ ಅಗಲದ ನೆಲ, ಅದರ ಮೇಲೊಂದು ಬಟ್ಟೆಯ ಚಪ್ಪರ, ಒಂದು ಮೇಜು, ಎರಡು ಕುರ್ಚಿ, ಮೂರು ಬದಿಗೆ ತಂತಿಜಾಲದ ಫಲಕಗಳು ಮತ್ತು ಒಂದು ವಿದ್ಯುತ್ ಪ್ಲಗ್. ಇವುಗಳ ನಡುವೆ ಒಂದು ಚಿತ್ರ ನೋಡುವವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದರ ಮೇಲೆಯೇ ಉಳಿದೆಲ್ಲವೂ ನಿಂತಿರುವುದರಿಂದ, ಈ ವಿಮರ್ಶೆಯಲ್ಲಿ ಅದನ್ನೇ ಮುಖ್ಯ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಅರ್ಜಿಯ ಹಂತದಿಂದ ಆರಂಭಿಸುತ್ತೇನೆ. ಮೇಳಕ್ಕೆ ಮೂರು ತಿಂಗಳ ಮೊದಲೇ ಅರ್ಜಿ ಸಲ್ಲಿಸಬೇಕಿತ್ತು. ಅದರ ಜೊತೆ ನಾಲ್ಕು ಕೃತಿಗಳ ಛಾಯಾಚಿತ್ರಗಳನ್ನೂ ಮಳಿಗೆಯ ಜೋಡಣೆಯ ಒಂದು ಛಾಯಾಚಿತ್ರವನ್ನೂ ಕೇಳಿದ್ದರು. ಹಿಂದೆಂದೂ ಮಳಿಗೆ ಹಾಕದವರು ಮಳಿಗೆಯ ಚಿತ್ರವನ್ನು ಎಲ್ಲಿಂದ ತರಬೇಕು ಎಂದು ಮೊದಲು ಸ್ವಲ್ಪ ಸಿಟ್ಟೇ ಬಂತು. ಬೇರೆ ದಾರಿ ಕಾಣದೆ ಮನೆಯ ಮುಂದಿನ ಬಯಲಿನಲ್ಲಿ ಎಂಟಡಿಯ ಚೌಕವನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ಬಟ್ಟೆ ಒಣಗಿಸುವ ಚರಣಿಗೆಗಳನ್ನೇ ಗೋಡೆಯೆಂದು ಭಾವಿಸಿ, ಎಲ್ಲವನ್ನೂ ಒಮ್ಮೆ ಜೋಡಿಸಿ ಚಿತ್ರ ತೆಗೆದೆ. ಆ ಒಂದು ಮಧ್ಯಾಹ್ನದ ಕೆಲಸ ನನಗೆ ಆಮೇಲೆ ಬಹಳ ನೆರವಾಯಿತು. ಮೇಜನ್ನು ಮುಂದಕ್ಕೆ ಅಡ್ಡಲಾಗಿ ಇಟ್ಟರೆ ಒಳಗೆ ಬರುವವರಿಗೆ ಬಾಗಿಲು ಹಾಕಿದಂತಾಗುತ್ತದೆ, ಪಕ್ಕಕ್ಕೆ ಸರಿಸಿದರೆ ಇಬ್ಬರು ಆರಾಮವಾಗಿ ಒಳಗೆ ನಿಲ್ಲಬಹುದು ಎಂಬುದು ಅಲ್ಲಿಯೇ ಗೊತ್ತಾಯಿತು. ಆದ್ದರಿಂದ ಸಿಟ್ಟು ತರಿಸಿದ ಆ ನಿಯಮಕ್ಕೆ ಈಗ ನನ್ನ ಪೂರ್ಣ ಸಮ್ಮತಿಯಿದೆ.

ಕರಾರಿನ ಪತ್ರ ಎರಡು ಪುಟಗಳಷ್ಟೇ ಇದ್ದು, ಓದಿದರೆ ಅರ್ಥವಾಗುವಂತಿತ್ತು. ಮಾರಾಟದಲ್ಲಿ ಆಯೋಜಕರಿಗೆ ಪಾಲಿಲ್ಲ, ಬಾಡಿಗೆ ಮಾತ್ರ. ಮಳೆ ಬಂದು ಮೇಳ ನಿಂತರೂ ಬಾಡಿಗೆ ಮರಳುವುದಿಲ್ಲ. ಚಿತ್ರಶಾಲೆಗಳು ಮಾರಾಟವಾದ ಕೃತಿಯ ಬೆಲೆಯಲ್ಲಿ ಅರ್ಧದವರೆಗೂ ಪಾಲು ಪಡೆಯುವ ರೂಢಿಯಿರುವಾಗ ಪಾಲಿಲ್ಲದ ಬಾಡಿಗೆ ಲಾಭದಾಯಕವೆಂದು ತೋರುತ್ತದೆ. ಆದರೆ ಚಿತ್ರ ಮಾರಾಟವಾಗದಿದ್ದರೆ ಚಿತ್ರಶಾಲೆಯೂ ನಷ್ಟದಲ್ಲಿ ಭಾಗಿಯಾಗುತ್ತದೆ, ಮೇಳದವರು ಆಗುವುದಿಲ್ಲ. ಈ ವ್ಯತ್ಯಾಸವನ್ನು ಮೊದಲ ಸಲ ಹೋಗುವವರು ಮನಸ್ಸಿನಲ್ಲಿಟ್ಟುಕೊಂಡು ಸಹಿ ಹಾಕುವುದು ಒಳ್ಳೆಯದು.

ಮೊದಲ ದಿನದ ಬೆಳಗಿನ ವ್ಯವಸ್ಥೆಯನ್ನು ಮೆಚ್ಚಲೇಬೇಕು. ನೆಲದ ಮೇಲೆ ಮಳಿಗೆಯ ಸಂಖ್ಯೆಗಳನ್ನು ಬರೆದಿದ್ದರು. ಸರಕು ಇಳಿಸಲು ಪ್ರತಿ ವಾಹನಕ್ಕೆ ಇಪ್ಪತ್ತು ನಿಮಿಷ ಕೊಟ್ಟು, ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದರಿಂದ ಎಲ್ಲಿಯೂ ನೂಕುನುಗ್ಗಲಾಗಲಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಎಲ್ಲ ಮಳಿಗೆಗಳೂ ಸಿದ್ಧವಾಗಿದ್ದವು.

ಇನ್ನು ಚಪ್ಪರದ ವಿಷಯ. ಇಡೀ ಸಾಲಿಗೆ ಹೊದಿಸಿದ್ದ ಬಟ್ಟೆ ಕಡುಕೆಂಪು ಬಣ್ಣದ್ದಾಗಿತ್ತು. ದೂರದಿಂದ ನೋಡಿದರೆ ಮೇಳಕ್ಕೆ ಅದೊಂದು ಶೋಭೆಯೇ ಸರಿ. ಆದರೆ ಬಿಸಿಲು ಏರಿ ಬಟ್ಟೆಯ ಮೂಲಕ ಬೆಳಕು ಇಳಿಯತೊಡಗಿದಾಗ ಒಳಗಿದ್ದ ಪ್ರತಿಯೊಂದು ಹಾಳೆಯೂ ಕೆಂಪಡರಿತು. ಹಸಿರು ಬಣ್ಣದ್ರವ್ಯ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಮರಳಿ ಚೆಲ್ಲುವುದು ಅತಿ ಕಡಿಮೆ. ಹಾಗಾಗಿ ನನ್ನ ಜಲವರ್ಣದ ಮರಗಳೆಲ್ಲ ಕಪ್ಪಿಟ್ಟವು, ನೀಲಿ ನೆರಳುಗಳು ಮಸಿಯಂತಾದವು, ಬಿಳಿಯೆಂದು ಬಿಟ್ಟಿದ್ದ ಜಾಗವೆಲ್ಲ ಗುಲಾಬಿಯಾಯಿತು. ಇದಕ್ಕಿಂತ ಕೆಟ್ಟದ್ದೆಂದರೆ ನನಗೆ ಇದು ತಿಳಿಯದೇ ಹೋದದ್ದು. ಕಣ್ಣು ತಾನಿರುವ ಬೆಳಕಿಗೆ ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಂಡು, ಆ ಬೆಳಕಿನಲ್ಲಿ ಬಿಳಿಯಾಗಿರಬೇಕಾದುದನ್ನು ಬಿಳಿಯೆಂದೇ ನಂಬಿಸುತ್ತದೆ. ಬೆಳಗಿನಿಂದ ಒಳಗೇ ಕುಳಿತಿದ್ದ ನನಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟವರು ಮಾತ್ರ ಮಂಕಾದ ಚಿತ್ರಗಳನ್ನು ಕಂಡು ಹಾಗೆಯೇ ಮುಂದೆ ಸಾಗುತ್ತಿದ್ದರು. ಮಧ್ಯಾಹ್ನ ಒಬ್ಬ ಹಿರಿಯರು ಒಂದು ಚಿತ್ರವನ್ನು ಕೇಳಿ ಪಡೆದು, ಚಪ್ಪರದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ನೋಡಿ, "ಇದು ಒಳಗೆ ಇದ್ದ ಚಿತ್ರವೇ ಅಲ್ಲವಲ್ಲ!" ಎಂದರು. ಅವರು ಅದನ್ನು ಕೊಂಡರು. ಆ ಮಾತು ಅವರಿಂದ ಬರುವ ಹೊತ್ತಿಗೆ ಅರ್ಧ ದಿನ ಕಳೆದಿತ್ತು.

ಸಂಜೆಯ ಸಮಸ್ಯೆ ಬೇರೆ. ಪ್ರತಿ ಮಳಿಗೆಗೂ ಒಂದು ಬಲ್ಬು ಇತ್ತು, ಚಪ್ಪರದ ನಟ್ಟನಡುವೆ ತೂಗುಬಿಟ್ಟದ್ದು. ಅದು ನೆಲವನ್ನು ಬೆಳಗಿತೇ ಹೊರತು ಫಲಕಗಳನ್ನಲ್ಲ. ಗಾಜು ಹಾಕಿದ ಚಿತ್ರಗಳ ಮುಂದೆ ನಿಂತವರಿಗೆ ಬಲ್ಬಿನ ಪ್ರತಿಬಿಂಬವೇ ಚಿತ್ರಕ್ಕಿಂತ ಮೊದಲು ಕಾಣುತ್ತಿತ್ತು. ಎರಡನೆಯ ದಿನ ನಾನು ಮನೆಯಿಂದ ಎರಡು ಕ್ಲಿಪ್ ದೀಪಗಳನ್ನು ತಂದು, ಫಲಕದ ಮೇಲಂಚಿಗೆ ಸಿಕ್ಕಿಸಿ, ಬೆಳಕು ಮೇಲಿನಿಂದ ಓರೆಯಾಗಿ ಬೀಳುವಂತೆ ಮಾಡಿದೆ. ಪ್ರತಿಬಿಂಬ ನೋಡುವವರ ಕಣ್ಣಿಗೆ ಹೋಗದೆ ಅವರ ಕಾಲಿನ ಕಡೆಗೆ ಜಾರಿತು. ಬಲ್ಬು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳನ್ನು ನೋಡಬೇಕು: ಬೆಳಕಿನ ಬಣ್ಣವನ್ನು ಹೇಳುವ ಕೆಲ್ವಿನ್ ಮತ್ತು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂದು ಹೇಳುವ ಸಿಆರ್‌ಐ. 2700 ಕೆಲ್ವಿನ್ ಹಳದಿ ಬೆರೆತ ಬೆಳಕು. 4000ದ ಆಸುಪಾಸಿನಲ್ಲಿ ಹಾಳೆಯ ಬಿಳುಪು ಬಿಳುಪಾಗಿಯೇ ಉಳಿಯುತ್ತದೆ. ಸಿಆರ್‌ಐ 90ಕ್ಕಿಂತ ಮೇಲಿದ್ದರೆ ಚಿತ್ರಗಳಿಗೆ ಕ್ಷೇಮ. ಈ ಎರಡು ಪುಟ್ಟ ದೀಪಗಳಿಂದ ಆದ ಅನುಕೂಲವನ್ನು ನೆನೆದರೆ, ಆಯೋಜಕರು ಆ ಒಂದು ಬಲ್ಬನ್ನಾದರೂ ಏಕೆ ಹಾಕಿದರೋ ಎನಿಸುತ್ತದೆ.

ಬೆಳಕು ಕಡಿಮೆಯಾದರೆ ಒಂದು ತೊಂದರೆ, ಹೆಚ್ಚಾದರೆ ಇನ್ನೊಂದು. ಸಾಲಿನ ಪಶ್ಚಿಮದ ತುದಿಯಲ್ಲಿದ್ದ ಮಳಿಗೆಗಳಿಗೆ ಸಂಜೆ ನಾಲ್ಕರ ನಂತರ ನೇರ ಬಿಸಿಲು ಬೀಳುತ್ತಿತ್ತು. ವಸ್ತುಸಂಗ್ರಹಾಲಯಗಳು ಜಲವರ್ಣ ಚಿತ್ರಗಳಿಗೆ ಸುಮಾರು 50 ಲಕ್ಸ್ (ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕನ್ನು ಮಿತಿಯೆಂದು ಇಟ್ಟುಕೊಳ್ಳುತ್ತವೆ. ನೆತ್ತಿಯ ಮೇಲಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್‌ನ ಹತ್ತಿರಕ್ಕೆ ಹೋಗುತ್ತದೆ. ಒಂದೆರಡು ಸಂಜೆಗಳಲ್ಲಿ ಚಿತ್ರ ಮಾಸಿಹೋಗುವುದಿಲ್ಲ ನಿಜ. ಆದರೂ ಅಲಿಜರಿನ್ ಕ್ರಿಮ್ಸನ್‌ನಂತಹ ಹಳೆಯ ಕೆಂಪು ತಿಳುವಾಗಿ ಬಳಿದಾಗ ಬೆಳಕಿಗೆ ಬೇಗ ಸೋಲುತ್ತದೆಂಬುದು ಚಿತ್ರಕಾರರೆಲ್ಲರಿಗೂ ಗೊತ್ತಿರುವ ಮಾತು. ಮೇಳದಿಂದ ಮೇಳಕ್ಕೆ ಅದೇ ಚಿತ್ರಗಳನ್ನು ಹೊತ್ತು ತಿರುಗುವವರು ಟ್ಯೂಬಿನ ಮೇಲಿನ ಬೆಳಕು ತಾಳುವ ದರ್ಜೆಯನ್ನು ಓದಿಕೊಂಡೇ ಬಣ್ಣ ಆರಿಸುವುದು ಲೇಸು. ಕೊಳ್ಳುವವರಲ್ಲಿ ಇಬ್ಬರು "ಎಷ್ಟು ವರ್ಷ ಹೀಗೇ ಇರುತ್ತದೆ?" ಎಂದು ಕೇಳಿದರು. ನೂರಕ್ಕೆ ನೂರು ಹತ್ತಿಯ ನಾರಿನ, ಆಮ್ಲರಹಿತವಾದ, ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದ, ಬೆಳಕಿಗೆ ಬೇಗ ಮಾಸದ ಕ್ವಿನಾಕ್ರಿಡೋನ್ ಜಾತಿಯ ಕೆಂಪು, ಬಿಸಿಲು ನೇರವಾಗಿ ಬೀಳದ ಗೋಡೆ ಎಂದು ನಾನು ವಿವರಿಸಿದಾಗ ಅವರು ಸಮಾಧಾನಗೊಂಡದ್ದು ಕಂಡಿತು. ಇಂತಹ ಪ್ರಶ್ನೆಗೆ ಉತ್ತರವಿಲ್ಲದೆ ಮಳಿಗೆಯಲ್ಲಿ ಕೂರಬಾರದು.

ತಂತಿಜಾಲದ ಫಲಕಗಳು ಆರಡಿ ಎತ್ತರದವು, ಗಟ್ಟಿಯಾಗಿಯೇ ಇದ್ದವು. ಆದರೆ ಒಂದಕ್ಕೊಂದು ಕಟ್ಟಿರಲಿಲ್ಲ. ಗಾಳಿ ಬೀಸಿದಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತಿತ್ತು, ಏಕೆಂದರೆ ಚೌಕಟ್ಟು ಹಾಕಿದ ಏಳು ಚಿತ್ರಗಳಿಗೂ ಗಾಜೇ ಇತ್ತು. ಅಕ್ರಿಲಿಕ್ ಹಾಳೆ ಅಷ್ಟೇ ದಪ್ಪದ ಗಾಜಿನ ಅರ್ಧದಷ್ಟು ಮಾತ್ರ ತೂಗುತ್ತದೆ, ಬಿದ್ದರೆ ಚೂರಾಗುವುದಿಲ್ಲ. ಅದರ ಮೇಲೆ ಗೀರು ಬೇಗ ಬೀಳುತ್ತದೆ ಎಂಬುದಷ್ಟೇ ದೋಷ. ಪೇಸ್ಟಲ್ ಅಥವಾ ಇದ್ದಿಲಿನ ಚಿತ್ರಕ್ಕೆ ಮಾತ್ರ ಅದು ಸಲ್ಲದು. ಒರೆಸಿದಾಗ ಹುಟ್ಟುವ ಸ್ಥಿರವಿದ್ಯುತ್ತು ಪುಡಿಯನ್ನು ಹಾಳೆಯಿಂದ ಎಳೆದುಕೊಂಡುಬಿಡುತ್ತದೆ. ಪಕ್ಕದ ಮಳಿಗೆಯ ಕುಂಬಾರಿಕೆ ಕಲಾವಿದೆಯೊಬ್ಬರು ತಮ್ಮಲ್ಲಿದ್ದ ಪ್ಲಾಸ್ಟಿಕ್ ಪಟ್ಟಿಗಳನ್ನು ಕೊಟ್ಟು, ಫಲಕಗಳನ್ನು ಮೂಲೆಗಳಲ್ಲಿ ಬಿಗಿಯಲು ಕೈಜೋಡಿಸಿದರು. ಮಣ್ಣಿನ ಪಾತ್ರೆ ಮಾರುವವರಿಗೆ ಗಾಳಿಯ ಭಯ ನನಗಿಂತ ಹೆಚ್ಚೇ ಇದ್ದಿರಬೇಕು.

ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಅಂಗುಲ ಎತ್ತರದಲ್ಲಿರಬೇಕೆಂಬುದು ಚಿತ್ರಶಾಲೆಗಳ ರೂಢಿ. ನಾನು ಟೇಪು ಹಿಡಿದು ಅಳೆದು ಹಾಗೆಯೇ ತೂಗುಹಾಕಿದ್ದೆ. ಆದರೆ ಚಿತ್ರಶಾಲೆಯಲ್ಲಿ ಜನ ಗೋಡೆಗೆ ಎದುರಾಗಿ ನಿಲ್ಲುತ್ತಾರೆ. ಮೇಳದಲ್ಲಿ ಮಳಿಗೆಯನ್ನು ಅಡ್ಡಹಾಯುತ್ತಾ ಓರೆಗಣ್ಣಿನಿಂದ ನೋಡುತ್ತಾರೆ. ಅವರಿಗೆ ಹಿಂಬದಿಯ ಫಲಕವೊಂದೇ ನೇರವಾಗಿ ಕಾಣುವುದು, ಪಕ್ಕದ ಫಲಕಗಳೆರಡೂ ಒಳಗೆ ಬಂದವರಿಗಷ್ಟೇ. ಮೊದಲ ದಿನ ಹಿಂಬದಿಯಲ್ಲಿ ಸಣ್ಣ ಸಣ್ಣ ಅಚ್ಚುಗಳನ್ನು ಒತ್ತೊತ್ತಾಗಿ ಹಾಕಿದ್ದೆ. ಎರಡನೆಯ ದಿನ ಅವನ್ನೆಲ್ಲ ತೆಗೆದು, ಅತಿ ದೊಡ್ಡ ಚಿತ್ರವೊಂದನ್ನು ಮಾತ್ರ ಅಲ್ಲಿ ಬಿಟ್ಟೆ. ಆ ಚಿತ್ರ ಮಾರಾಟವಾಗಲಿಲ್ಲ. ಆದರೆ ಒಳಗೆ ಬಂದವರಲ್ಲಿ ಹೆಚ್ಚಿನವರು ಅದನ್ನು ನೋಡಲೆಂದೇ ಬಂದು, ಪಕ್ಕದಲ್ಲಿದ್ದ ಇನ್ನೊಂದನ್ನು ಕೊಂಡುಹೋದರು.

ಚೌಕಟ್ಟಿಲ್ಲದ ಅಚ್ಚುಗಳನ್ನು ಪಾರದರ್ಶಕ ಹೊದಿಕೆಯಲ್ಲಿಟ್ಟು, ಮರದ ಪೆಟ್ಟಿಗೆಯೊಂದರಲ್ಲಿ ನಿಲ್ಲಿಸಿದ್ದೆ. ಗೋಡೆಯ ಕಡೆ ತಲೆಯೆತ್ತಿ ನೋಡಲು ಸಂಕೋಚಪಡುವವರೂ ಪೆಟ್ಟಿಗೆಯ ಮುಂದೆ ಹತ್ತು ನಿಮಿಷ ನಿಂತು ಒಂದೊಂದಾಗಿ ಮಗುಚಿ ನೋಡುತ್ತಾರೆ. ಇಲ್ಲಿ ನಾನೇ ಮಾಡಿದ ತಪ್ಪೊಂದನ್ನು ಮರೆಮಾಚಬಾರದು. ಕೊನೆಯ ಹನ್ನೆರಡು ಅಚ್ಚುಗಳನ್ನು ಮೇಳಕ್ಕೆ ನಾಲ್ಕು ದಿನ ಮೊದಲು ಒತ್ತಿದ್ದೆ. ಅಗಸೆ ಎಣ್ಣೆಯ ಶಾಯಿ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕದೊಡನೆ ಬೆರೆತು ಗಟ್ಟಿಯಾಗುತ್ತದೆ. ದಪ್ಪವಾಗಿ ಹಚ್ಚಿದರೆ ವಾರಕ್ಕೂ ಮಿಕ್ಕಿ ಸಮಯ ಬೇಕು. ಗಾಳಿಯಾಡದ ಹೊದಿಕೆಯೊಳಗೆ ಸೇರಿಸಿದ್ದರಿಂದ ಅದು ಆರುವುದೇ ನಿಂತುಹೋಗಿ, ಐದು ಅಚ್ಚುಗಳ ಕಪ್ಪು ಶಾಯಿ ಹೊದಿಕೆಗೆ ಅಂಟಿಕೊಂಡಿತು. ಅವನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಕೆಳಗೆ ಬಚ್ಚಿಡಬೇಕಾಯಿತು. ಹೊದಿಕೆಯ ಆಯ್ಕೆಯಲ್ಲೂ ಎಚ್ಚರ ಬೇಕು: ಪಿವಿಸಿಯನ್ನು ಮೆದುವಾಗಿಸಲು ಬೆರೆಸುವ ದ್ರವ್ಯ ಕಾಲಕ್ರಮದಲ್ಲಿ ಹೊರಬಂದು ಶಾಯಿಯನ್ನು ಕೆಡಿಸುತ್ತದೆ, ಪಾಲಿಪ್ರೊಪಿಲೀನ್‌ಗೆ ಆ ದೋಷವಿಲ್ಲ.

ಎರಡು ದಿನಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ, "ಇದು ಮೂಲವೇ, ನಕಲೇ?" ಎಂಬುದು. ಲಿನೊ ಅಚ್ಚಿಗೆ ಈ ಪ್ರಶ್ನೆ ಹಾಗೆ ನೇರವಾಗಿ ಹೊಂದುವುದಿಲ್ಲ. ನೆಲಕ್ಕೆ ಹಾಸಲೆಂದು 1860ರ ದಶಕದಲ್ಲಿ ರೂಪುಗೊಂಡ ಲಿನೋಲಿಯಮ್ಮಿನ ತುಂಡನ್ನು ಉಳಿಯಿಂದ ಕೆತ್ತಿ, ಉಬ್ಬಿ ಉಳಿದ ಭಾಗಕ್ಕೆ ಶಾಯಿ ಸವರಿ, ಹಾಳೆಯಿಟ್ಟು ಒತ್ತಿದರೆ ಬರುವ ಪ್ರತಿಯೊಂದು ಅಚ್ಚೂ ಮೂಲಕೃತಿಯೇ. ಅದಕ್ಕಾಗಿಯೇ ಹಾಳೆಯ ಕೆಳಗೆ ಎಡಬದಿಗೆ 7/30 ಎಂಬಂತೆ ಬರೆದು, ಬಲಬದಿಗೆ ಸಹಿ ಹಾಕುವುದು. ಒಟ್ಟು ಮೂವತ್ತರಲ್ಲಿ ಇದು ಏಳನೆಯದು ಎಂದು ಅದರ ಅರ್ಥ. ಬರೆಯುವುದು ಪೆನ್ಸಿಲಿನಲ್ಲಿ, ಏಕೆಂದರೆ ಗ್ರಾಫೈಟ್ ಬೆಳಕಿಗೆ ಮಾಸುವುದಿಲ್ಲ. ಈ ವಿವರಣೆಯನ್ನು ಹತ್ತು ಹದಿನೈದು ಸಲ ಒಪ್ಪಿಸಿ ಗಂಟಲು ಒಣಗಿದ ಮೇಲೆ, ಕೆತ್ತಿದ ಲಿನೊ ತುಂಡನ್ನೇ ಮೇಜಿನ ಮೇಲಿಟ್ಟು, ಮುಟ್ಟಿ ನೋಡಿ ಎಂಬ ಚೀಟಿ ಅಂಟಿಸಿದೆ. ಆಮೇಲೆ ಮಾತು ಬೇಕಾಗಲಿಲ್ಲ. ಮಕ್ಕಳು ಮೊದಲು ಕೆತ್ತನೆಯ ಮೇಲೆ ಬೆರಳಾಡಿಸಿ, ನಂತರ ಅಚ್ಚನ್ನು ನೋಡಿ, ಎಡಬಲ ತಿರುವುಮುರುವಾಗಿರುವುದನ್ನು ತಾವೇ ಕಂಡುಹಿಡಿದು ಹೆತ್ತವರನ್ನು ಎಳೆದುಕೊಂಡು ಬರುತ್ತಿದ್ದರು.

ಮೂಲ ಮತ್ತು ನಕಲಿನ ಗೊಂದಲಕ್ಕೆ ಜನರನ್ನಷ್ಟೇ ಹೊಣೆ ಮಾಡುವಂತಿಲ್ಲ. ಕರಾರಿನಲ್ಲಿ ಕೈಯಿಂದ ಮಾಡಿದ ಕೃತಿಗಳಿಗೆ ಮಾತ್ರ ಅವಕಾಶ ಎಂದು ಸ್ಪಷ್ಟವಾಗಿ ಬರೆದಿದ್ದರೂ, ನನ್ನ ಎದುರಿನ ಮಳಿಗೆಯೊಂದರಲ್ಲಿ ಯಂತ್ರದಿಂದ ಕ್ಯಾನ್ವಾಸಿನ ಮೇಲೆ ಮುದ್ರಿಸಿದ, ಒಂದೇ ಬಗೆಯ ಚಿತ್ರಗಳ ಅಟ್ಟಿಯನ್ನು ಮೂಲಚಿತ್ರಗಳೆಂದೇ ಹೇಳಿ ಮಾರುತ್ತಿದ್ದರು. ಇಂಕ್‌ಜೆಟ್ ಮುದ್ರಣದಲ್ಲಿ ತಪ್ಪೇನೂ ಇಲ್ಲ. ಕಲಾವಿದರು ತಮ್ಮದೇ ಚಿತ್ರದ ಉತ್ತಮ ಪ್ರತಿಗಳನ್ನು ಹಾಗೆ ಮುದ್ರಿಸಿ ಮಾರುವುದು ದಶಕಗಳಿಂದ ನಡೆದುಬಂದಿದೆ. 1991ರಲ್ಲಿ ಮುದ್ರಣಕಾರ ಜ್ಯಾಕ್ ಡುಗಾನ್ ಅದಕ್ಕೆ ಜಿಕ್ಲೇ ಎಂಬ ಫ್ರೆಂಚ್ ಮೂಲದ ಹೆಸರನ್ನೂ ಕೊಟ್ಟರು. ಪ್ರತಿಯನ್ನು ಪ್ರತಿಯೆಂದು ಹೇಳದಿರುವುದೇ ತಪ್ಪು. ನಾನು ಆಯೋಜಕರ ಮೇಜಿಗೆ ಹೋಗಿ ತಿಳಿಸಿದೆ. ಅವರು ಪುಸ್ತಕದಲ್ಲಿ ಬರೆದುಕೊಂಡರು. ಎರಡನೆಯ ದಿನವೂ ಆ ಮಳಿಗೆ ಅಲ್ಲಿಯೇ ಇತ್ತು, ಅಟ್ಟಿ ಸ್ವಲ್ಪ ಕರಗಿತ್ತು ಅಷ್ಟೆ. ಅರ್ಜಿಯ ಸಮಯದಲ್ಲಿ ನಮ್ಮಿಂದ ಐದು ಛಾಯಾಚಿತ್ರಗಳನ್ನು ಪಡೆದವರು ಮೇಳದ ದಿನ ಒಮ್ಮೆ ಸಾಲನ್ನು ಸುತ್ತಿ ತಾಳೆ ನೋಡದಿದ್ದರೆ ಆ ಆಯ್ಕೆಯ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಬೆಲೆಯ ವಿಷಯದಲ್ಲಿ ನಾನು ಕಲಿತದ್ದು ಚಿಕ್ಕದು, ಆದರೆ ನೇರವಾಗಿ ಕಲಿತದ್ದು. ಮೊದಲ ದಿನ ಚೌಕಟ್ಟಿನ ಚಿತ್ರಗಳಿಗೆ ಬೆಲೆಚೀಟಿ ಹಾಕಿರಲಿಲ್ಲ. ಬೆಲೆ ಕೇಳಿದರೆ ಮಾತು ಬೆಳೆಯುತ್ತದೆ ಎಂಬ ಎಣಿಕೆ ನನ್ನದಾಗಿತ್ತು. ಚಿತ್ರವನ್ನು ಹೊರಗೆ ಒಯ್ದು ನೋಡಿದ ಆ ಹಿರಿಯರೊಬ್ಬರನ್ನು ಬಿಟ್ಟರೆ ಯಾರೂ ಕೇಳಲಿಲ್ಲ. ಕೇಳಿ, ದುಬಾರಿಯೆನಿಸಿ, ಹಿಂದೆ ಸರಿಯುವ ಮುಜುಗರ ಯಾರಿಗೂ ಬೇಡ. ಎರಡನೆಯ ದಿನ ಚೀಟಿ ಹಾಕಿದ ಮೇಲೆ ಎರಡು ಚಿತ್ರಗಳು ಹೋದವು. ಜಲವರ್ಣಗಳಿಗೆ ಚದರ ಅಂಗುಲಕ್ಕೆ ಇಷ್ಟು ಎಂಬ ಒಂದೇ ದರವನ್ನು ಇಟ್ಟು, ಚೌಕಟ್ಟಿನ ಖರ್ಚನ್ನು ಬೇರೆಯಾಗಿ ಸೇರಿಸಿದ್ದೆ. ಒಂದೇ ಅಳತೆಯ ಎರಡು ಚಿತ್ರಗಳಿಗೆ ಎರಡು ಬೆಲೆ ಏಕೆ ಎಂಬ ಪ್ರಶ್ನೆ ಹೀಗೆ ಹುಟ್ಟುವುದೇ ಇಲ್ಲ, ಚೌಕಾಸಿಗೂ ಹೆಚ್ಚು ಎಡೆಯಿರುವುದಿಲ್ಲ.

ಒಟ್ಟು ಅರವತ್ತನಾಲ್ಕು ಕೃತಿಗಳನ್ನು ಒಯ್ದಿದ್ದೆ; ಇಪ್ಪತ್ತನಾಲ್ಕು ಮಾರಾಟವಾದವು. ಅವುಗಳಲ್ಲಿ ಹದಿನಾಲ್ಕು ಅಂಗೈಯಗಲದ ಶುಭಾಶಯ ಪತ್ರಗಳು, ಏಳು ಚೌಕಟ್ಟಿಲ್ಲದ ಅಚ್ಚುಗಳು, ಮೂರು ಚೌಕಟ್ಟಿನ ಜಲವರ್ಣಗಳು. ಬಂದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಮೂರು ಜಲವರ್ಣಗಳದ್ದೇ. ಬಾಡಿಗೆ ಎರಡನೆಯ ದಿನದ ಮಧ್ಯಾಹ್ನ ಹುಟ್ಟಿತು. ಚೌಕಟ್ಟು, ಕಾಗದ, ಸಾಗಾಟಗಳನ್ನು ಕಳೆದ ಮೇಲೆ ಉಳಿದದ್ದನ್ನು ಎರಡು ದಿನ ಕುಳಿತದ್ದಕ್ಕೆ ಕೂಲಿಯೆನ್ನಬಹುದು, ತಿಂಗಳುಗಟ್ಟಲೆ ಕೆತ್ತಿ ಬಳಿದದ್ದಕ್ಕಲ್ಲ. ಸಂಜೆ ಜನ ಕಿಕ್ಕಿರಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಟ್ಟು ಹಣ ಪಾವತಿಯಾಗದೆ ಎರಡು ಮಾರಾಟಗಳು ತಪ್ಪಿದವು. ಆಯೋಜಕರು ಮಾರುವವರಿಗೆಂದು ಒಂದು ವೈಫೈ ಕೊಟ್ಟಿದ್ದರೆ ಸಾಕಿತ್ತು. ನಾನು ಚಿಲ್ಲರೆ ಇಟ್ಟುಕೊಂಡಿದ್ದರೂ ಸಾಕಿತ್ತು.

ಒಬ್ಬ ಯುವಕ ಅಚ್ಚೊಂದನ್ನು ಕೊಂಡು, ಇದನ್ನು ಅಂಗಿಗಳ ಮೇಲೆ ಮುದ್ರಿಸಿ ಮಾರಬಹುದಲ್ಲವೇ ಎಂದು ಸಹಜವಾಗಿಯೇ ಕೇಳಿದ. ಹಾಳೆ ಅವನದಾಯಿತು, ಚಿತ್ರದ ಹಕ್ಕು ನನ್ನಲ್ಲೇ ಉಳಿಯುತ್ತದೆ ಎಂದು ವಿವರಿಸಬೇಕಾಯಿತು. 1886ರ ಬರ್ನ್ ಒಪ್ಪಂದವನ್ನು ಒಪ್ಪಿರುವ ದೇಶಗಳಲ್ಲಿ ಕೃತಿಸ್ವಾಮ್ಯ ಯಾವ ನೋಂದಣಿಯೂ ಇಲ್ಲದೆ ರಚಿಸಿದವರಿಗೆ ತಾನಾಗಿಯೇ ಸಲ್ಲುತ್ತದೆ. ಅವನು ಬೇಸರಿಸಿಕೊಳ್ಳಲಿಲ್ಲ, ಆದರೆ ರಸೀದಿಯ ಹಿಂಬದಿಯಲ್ಲಿ ಈ ಒಂದು ಸಾಲನ್ನು ಅಚ್ಚುಹಾಕಿಸಿಕೊಂಡಿದ್ದರೆ ಆ ಮುಜುಗರ ಇಬ್ಬರಿಗೂ ತಪ್ಪುತ್ತಿತ್ತು.

ಅರ್ಜಿ, ಸರಕು ಇಳಿಸುವ ವ್ಯವಸ್ಥೆ, ಕರಾರಿನ ಸ್ಪಷ್ಟತೆಗಳಿಗೆ ಈ ಮೇಳಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ; ಬೆಳಕಿಗೆ ಒಂದು; ಕೈಕೆಲಸದ ನಿಯಮವನ್ನು ಪಾಲಿಸಿದ್ದಕ್ಕೆ ಒಂದೂವರೆ. ಒಬ್ಬಂಟಿಯಾಗಿ ಮಳಿಗೆ ಹಾಕುವವರು ಹತ್ತು ನಿಮಿಷ ಎದ್ದುಹೋಗಬೇಕೆಂದರೂ ಪಕ್ಕದವರನ್ನೇ ಬೇಡಬೇಕಾದ ಸ್ಥಿತಿಯಿತ್ತು, ಅದನ್ನೂ ಗಮನಿಸಬೇಕು. ಮುಂದಿನ ಮೇಳಕ್ಕೆ ಅರ್ಜಿ ಹಾಕಿದ್ದೇನೆ. ಮೂಲೆಯ ಮಳಿಗೆ ಕೇಳಿದ್ದೇನೆ, ಎರಡು ಬದಿಯಿಂದ ಕಾಣುತ್ತದೆಂದು. ಸಲಹೆಗಳಿಗೆಂದು ಬಿಟ್ಟಿದ್ದ ಖಾಲಿ ಜಾಗದಲ್ಲಿ, ಚಪ್ಪರದ ಬಟ್ಟೆ ಬಿಳಿಯದಾಗಿರಲಿ ಎಂದಷ್ಟೇ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಿಳಿಯ ಬಟ್ಟೆಯ ಎಂಟಡಿಯ ಒಳಹೊದಿಕೆಯೊಂದನ್ನು ಮಾತ್ರ ನಾನೇ ಹೊಲಿಸಿಟ್ಟುಕೊಂಡಿದ್ದೇನೆ.